ಸೋರದ ಉಡುಪಿನ ಬೆಲೆ

ಸ್ಕಾಟ್ಲೆಂಡಿನ ಟ್ವೀಡ್ ನದಿಯಲ್ಲಿ ಸಾಲ್ಮನ್ ಮೀನು ಹಿಡಿಯುವ ಬಗ್ಗೆ ವಿಲಿಯಂ ಸ್ಕ್ರೋಪ್ ಎಂಬಾತ 1843ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಗಾಳ ಹಿಡಿದು ನೀರಿಗಿಳಿಯುವವರಿಗೆ ಅದರಲ್ಲಿ ಒಂದು ವಿಚಿತ್ರ ಸಲಹೆಯಿದೆ. ಹಿಮ ಬೀಳುವ ದಿನಗಳಲ್ಲಿ ನದಿಯಲ್ಲಿ ನಿಂತವನು ಆಗಾಗ ಕಾಲುಚೀಲ ಕೆಳಗೆ ಸರಿಸಿ ತನ್ನ ಕಾಲಿನ ಬಣ್ಣ ನೋಡಿಕೊಳ್ಳಬೇಕು. ಕಾಲು ಕಪ್ಪಗೋ ನೇರಳೆಯಾಗಿಯೋ ಕಂಡರೆ ದಡಕ್ಕೆ ಬರುವುದು ಮೇಲು. ಬರೀ ಕೆಂಪಗಾಗಿದ್ದರೆ ನೀರಿನ ಸುಖವನ್ನು ಇನ್ನಷ್ಟು ಹೊತ್ತು ಅನುಭವಿಸಬಹುದು! ಸಲಹೆ ಅರ್ಧ ತಮಾಷೆಯದು. ಆದರೆ ಆ ಕಾಲದ ಮೀನುಗಾರ ತನ್ನ ಚರ್ಮವನ್ನೇ ಒತ್ತೆಯಿಟ್ಟು ನೀರಿಗಿಳಿಯುತ್ತಿದ್ದ ಎಂಬುದು ತಮಾಷೆಯಲ್ಲ.

ನೀರು ದೇಹದ ಶಾಖವನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಹೀರಿಕೊಳ್ಳುತ್ತದೆ. ಹಿಮ ಕರಗಿ ಹರಿಯುವ ನದಿಯಲ್ಲಿ ಗಂಟೆಗಟ್ಟಲೆ ಸೊಂಟದವರೆಗೆ ಮುಳುಗಿ ನಿಲ್ಲುವವನಿಗೆ ಒಣಗಿದ ಕಾಲು ಶೋಕಿಯ ಮಾತಲ್ಲ, ಆರೋಗ್ಯದ ಮಾತು. ಈ ಅಗತ್ಯದಿಂದ ಹುಟ್ಟಿದ ಉಡುಪಿಗೆ ಇಂಗ್ಲಿಷಿನಲ್ಲಿ ‘ವೇಡರ್’ ಎಂದು ಹೆಸರು. ಬೂಟು ಮತ್ತು ಷರಾಯಿಯನ್ನು ಒಂದಾಗಿಸಿ, ಪಾದದಿಂದ ತೊಡೆಯವರೆಗೋ ಸೊಂಟದವರೆಗೋ ಎದೆಯವರೆಗೋ ನೀರು ನುಗ್ಗದಂತೆ ಮಾಡಿದ ಉಡುಪು ಇದು. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಣುವ ಗಂಬೂಟಿನ ಅಣ್ಣ ಎನ್ನಬಹುದು.

ಇಂದು ಪಾಶ್ಚಾತ್ಯ ಮಾರುಕಟ್ಟೆಯಲ್ಲಿ ನೂರು ಡಾಲರಿಗೂ ಕಡಿಮೆಯ ವೇಡರ್ ಸಿಗುತ್ತದೆ, ಸಾವಿರ ಡಾಲರಿನ ಸಮೀಪದ್ದೂ ಸಿಗುತ್ತದೆ. ಎರಡೂ ಮಾಡುವ ಕೆಲಸ ಒಂದೇ, ನೀರನ್ನು ಹೊರಗಿಡುವುದು. ಹಾಗಿದ್ದರೆ ಹತ್ತು ಪಟ್ಟು ಹಣ ಕೊಟ್ಟವನು ಕೊಂಡದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಎರಡು ಶತಮಾನಗಳ ಕೈಗಾರಿಕಾ ಇತಿಹಾಸವೇ ತೆರೆದುಕೊಳ್ಳುತ್ತದೆ.

ಸೂಜಿ ಮಾಡಿದ ತೂತು

ಕಥೆ ಆರಂಭವಾಗುವುದು ಗ್ಲಾಸ್ಗೋ ನಗರದಲ್ಲಿ. ಅಲ್ಲಿ ಬೀದಿದೀಪಗಳಿಗಾಗಿ ಕಲ್ಲಿದ್ದಲಿನಿಂದ ಅನಿಲ ತೆಗೆಯುತ್ತಿದ್ದರು. ಆಗ ಉಳಿಯುತ್ತಿದ್ದ ಟಾರಿನಿಂದ ನಾಫ್ತಾ ಎಂಬ ದ್ರವ ಸಿಗುತ್ತಿತ್ತು. ಈ ನಾಫ್ತಾದಲ್ಲಿ ರಬ್ಬರು ಕರಗುತ್ತದೆಂಬುದನ್ನು ಬಳಸಿಕೊಂಡು ಚಾರ್ಲ್ಸ್ ಮ್ಯಾಕಿಂತೋಷ್ ಎಂಬ ರಸಾಯನಶಾಸ್ತ್ರಜ್ಞ 1823ರಲ್ಲಿ ಪೇಟೆಂಟ್ ಪಡೆದ. ಎರಡು ಪದರ ಬಟ್ಟೆಯ ನಡುವೆ ಕರಗಿದ ರಬ್ಬರು ಹಚ್ಚಿ ಒತ್ತಿದರೆ ನೀರು ದಾಟದ ಬಟ್ಟೆ ಸಿದ್ಧ. ಮಳೆಕೋಟಿಗೆ ಇಂಗ್ಲಿಷಿನಲ್ಲಿ ಇಂದಿಗೂ ಆತನದೇ ಹೆಸರು.

ಬಟ್ಟೆಯೇನೋ ಸೋರಲಿಲ್ಲ, ಆದರೆ ಉಡುಪು ಸೋರಿತು. ದರ್ಜಿಗಳು ಎಂದಿನಂತೆ ಸೂಜಿಯಿಂದ ಹೊಲಿದರು. ಸೂಜಿ ಹೋದ ಪ್ರತಿ ತೂತಿನಿಂದಲೂ ನೀರು ಜಿನುಗಿತು. ದೋಷ ಹೊಲಿಗೆಯಲ್ಲಿದ್ದರೂ ಕೆಟ್ಟ ಹೆಸರು ಬಂದದ್ದು ಬಟ್ಟೆಗೆ. ಕೊನೆಗೆ ಮ್ಯಾಕಿಂತೋಷ್ ಕಂಪನಿಯೇ ಉಡುಪು ತಯಾರಿಸಿ ಹೊಲಿಗೆಗಳ ಮೇಲೆ ರಬ್ಬರು ಹಚ್ಚಿ ಮುಚ್ಚಬೇಕಾಯಿತು. ಜಲನಿರೋಧಕ ಉಡುಪಿನ ಮೊದಲ ಪಾಠ ಹೀಗೆ ಆರಂಭದಲ್ಲೇ ಸಿಕ್ಕಿತು: ಅಂಥ ಉಡುಪಿನ ಗುಣ ಇರುವುದು ಬಟ್ಟೆಯ ವಿಸ್ತಾರದಲ್ಲಲ್ಲ, ಎರಡು ತುಂಡುಗಳು ಕೂಡುವ ಗೆರೆಯಲ್ಲಿ. ದುಬಾರಿ ಮತ್ತು ಅಗ್ಗದ ವೇಡರ್‌ಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಂದಿಗೂ ಆ ಗೆರೆಯಲ್ಲೇ ಇದೆ.

ಗಂಧಕದ ಗುಟ್ಟು

ಎರಡನೆಯ ತೊಡಕು ರಬ್ಬರಿನದೇ. ಹಸಿ ರಬ್ಬರು ಚಳಿಯಲ್ಲಿ ಹಲಗೆಯಂತೆ ಸೆಟೆಯುತ್ತದೆ, ಬೇಸಿಗೆಯಲ್ಲಿ ಬೆಲ್ಲದ ಪಾಕದಂತೆ ಅಂಟುತ್ತದೆ. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರು ಸಾಮಾನುಗಳ ಹುಚ್ಚೇ ಹಿಡಿದು ಹಲವು ಕಂಪನಿಗಳು ಹುಟ್ಟಿಕೊಂಡವು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬೂಟು, ಕೋಟುಗಳು ಕರಗಿ ದುರ್ನಾತ ಬೀರುತ್ತಾ ಅಂಗಡಿಗೆ ಹಿಂದಿರುಗಿದವು. ಕಂಪನಿಗಳು ಬಾಗಿಲು ಹಾಕಿದವು.

ಇದಕ್ಕೆ ಪರಿಹಾರ ಕಂಡವನು ಚಾರ್ಲ್ಸ್ ಗುಡ್‌ಇಯರ್. 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿದಾಗ ಅದು ಕರಗುವ ಬದಲು ತೊಗಲಿನಂತೆ ಗಟ್ಟಿಯಾದದ್ದನ್ನು ಆತ ಗಮನಿಸಿದ. ರಬ್ಬರಿನ ಉದ್ದನೆಯ ಅಣುಸರಪಳಿಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ. ಸರಪಳಿಗಳು ಹಿಗ್ಗಿದರೂ ಜಾರಿಹೋಗದೆ ಮರಳಿ ಸ್ಥಾನಕ್ಕೆ ಬರುತ್ತವೆ. ಗುಡ್‌ಇಯರ್ 1844ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಅದಕ್ಕೂ ಸ್ವಲ್ಪ ಮೊದಲೇ, 1843ರಲ್ಲಿ, ಮ್ಯಾಕಿಂತೋಷನ ಪಾಲುದಾರ ಥಾಮಸ್ ಹ್ಯಾನ್‌ಕಾಕ್ ಇಂಗ್ಲೆಂಡಿನಲ್ಲಿ ಅರ್ಜಿ ಹಾಕಿಬಿಟ್ಟಿದ್ದ. ರೋಮನ್ನರ ಅಗ್ನಿದೇವತೆ ವಲ್ಕನ್‌ನ ಹೆಸರಿನಿಂದ ಈ ಕ್ರಿಯೆಗೆ ‘ವಲ್ಕನೀಕರಣ’ ಎಂಬ ಹೆಸರು ಬಂತು. ಜಗತ್ತಿಗೆ ಇಂಥ ಉಪಕಾರ ಮಾಡಿದ ಗುಡ್‌ಇಯರ್ 1860ರಲ್ಲಿ ಸತ್ತಾಗ ಸುಮಾರು ಎರಡು ಲಕ್ಷ ಡಾಲರ್ ಸಾಲ ಉಳಿಸಿಹೋಗಿದ್ದ.

ಸ್ಕ್ರೋಪನ ಪುಸ್ತಕ ಹೊರಬಂದ ವರ್ಷವೇ ಹ್ಯಾನ್‌ಕಾಕ್‌ನ ಅರ್ಜಿಯ ವರ್ಷವೂ ಆದದ್ದು ಕಾಕತಾಳೀಯ. ಆದರೆ ಮುಂದಿನ ಕೆಲವೇ ದಶಕಗಳಲ್ಲಿ ಕಾಲಿನ ಬಣ್ಣ ನೋಡಿಕೊಳ್ಳುವ ಕಾಲ ಮುಗಿಯಿತು. 1856ರಲ್ಲಿ ಎಡಿನ್‌ಬರೋದಲ್ಲಿ ಅಮೆರಿಕದ ಉದ್ಯಮಿಗಳು ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿ ತೆರೆದರು. ಲಂಡನ್ನಿನ ಅಂಗಡಿಗಳು ಶ್ರೀಮಂತ ಮೀನುಗಾರರಿಗೆ ಅಳತೆಗೆ ತಕ್ಕಂತೆ ಜಲನಿರೋಧಕ ಬೂಟು, ಕಾಲುಚೀಲ ಮಾಡಿಕೊಡತೊಡಗಿದವು. ನದಿಯ ನಡುವೆ ಆಳದಲ್ಲಿ ನಿಂತು ಗಾಳ ಬೀಸುವುದು ಆ ವರ್ಗದ ಕ್ರೀಡೆಯಾಯಿತು.

ಎರಡು ಬಗೆಯ ಸಾವು

ವಲ್ಕನೀಕರಿಸಿದ ರಬ್ಬರು ಅಮರವೇನೂ ಅಲ್ಲ. ಅದಕ್ಕೆ ಎರಡು ಬಗೆಯ ಸಾವುಂಟು. ಒಂದು ಸವೆತ: ಕಲ್ಲಿಗೆ ಉಜ್ಜಿ, ಮುಳ್ಳಿಗೆ ಸಿಕ್ಕಿ, ನಡೆಯುವಾಗ ತೊಡೆಗೆ ತೊಡೆ ತಾಗಿ ತೆಳುವಾಗುವುದು. ಇನ್ನೊಂದು ಮುಪ್ಪು. ಗಾಳಿಯಲ್ಲಿರುವ ಓಜೋನ್ ರಬ್ಬರಿನ ಅಣುಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಬಿಸಿಲು, ಶಾಖ, ಆಮ್ಲಜನಕ ಕೈಜೋಡಿಸುತ್ತವೆ. ಮಡಚಿಟ್ಟ ಜಾಗದಲ್ಲಿ ರಬ್ಬರು ಎಳೆತಕ್ಕೆ ಸಿಕ್ಕಿರುವುದರಿಂದ ಬಿರುಕು ಅಲ್ಲೇ ಮೊದಲು ಕಾಣುತ್ತದೆ. ಪೆಟ್ಟಿಗೆಯಲ್ಲಿ ನಾಲ್ಕು ವರ್ಷ ಇಟ್ಟ ರಬ್ಬರು ಬ್ಯಾಂಡು ಎಳೆದೊಡನೆ ತುಂಡಾಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಬೆಲೆ–ಬಾಳಿಕೆಯ ಲೆಕ್ಕಕ್ಕೆ ಈ ಭೇದ ಮುಖ್ಯ. ಹೆಚ್ಚು ಹಣ ಕೊಟ್ಟರೆ ಸವೆತವನ್ನು ಮುಂದೂಡಬಹುದು. ದಪ್ಪ ಬಟ್ಟೆ, ಮೊಣಕಾಲಿಗೆ ಇಮ್ಮಡಿ ಪದರ, ಗಟ್ಟಿ ಅಂಚು ಸಿಗುತ್ತವೆ. ಆದರೆ ಮುಪ್ಪು ಬಡವ–ಬಲ್ಲಿದ ಎಂದು ನೋಡುವುದಿಲ್ಲ. ವರ್ಷಕ್ಕೆ ನಾಲ್ಕು ದಿನ ಮಾತ್ರ ತೊಟ್ಟು ಉಳಿದ ದಿನ ಬಿಸಿಯಾದ ಅಟ್ಟದಲ್ಲಿ ಮಡಚಿಟ್ಟ ದುಬಾರಿ ರಬ್ಬರು ವೇಡರ್, ಅಗ್ಗದ್ದು ಹೋದ ದಾರಿಯಲ್ಲೇ ಹೋಗುತ್ತದೆ. ಆದ್ದರಿಂದಲೇ ಹಳೆಯ ಮೀನುಗಾರರು ವೇಡರನ್ನು ತೊಳೆದು, ಒಳಗೂ ಹೊರಗೂ ಒಣಗಿಸಿ, ತಂಪಾದ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ಈ ಕಾಳಜಿಗೆ ಕಾಸು ಖರ್ಚಿಲ್ಲ. ಉಡುಪಿನ ಆಯುಸ್ಸನ್ನು ಹೆಚ್ಚಿಸುವುದರಲ್ಲಿ ಮಾತ್ರ ಅದು ಯಾವ ದುಬಾರಿ ಬಟ್ಟೆಗೂ ಕಡಿಮೆಯಲ್ಲ.

ಕಂದಕದಲ್ಲಿ ಕಾಲು

ವೇಡರ್ ಕ್ರೀಡೆಯ ಅಂಗಳದಿಂದ ಹೊರಬಂದದ್ದು ಮೊದಲ ಮಹಾಯುದ್ಧದಲ್ಲಿ. 1914ರ ಚಳಿಗಾಲದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನ ಕಂದಕಗಳಲ್ಲಿ ಸೈನಿಕರು ದಿನಗಟ್ಟಲೆ ಮೊಣಕಾಲುದ್ದ ಕೆಸರುನೀರಿನಲ್ಲಿ ನಿಂತರು. ಪಾದಗಳು ಊದಿ, ಮರಗಟ್ಟಿ, ಕೊಳೆತು, ಹಲವರ ಬೆರಳು–ಪಾದಗಳನ್ನೇ ಕತ್ತರಿಸಬೇಕಾಯಿತು. ‘ಟ್ರೆಂಚ್ ಫುಟ್’ ಎಂದು ಕರೆಯಲಾದ ಈ ತೊಂದರೆಗೆ ಆ ಒಂದು ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 20,000 ಮಂದಿ ತುತ್ತಾದರು.

ಸೇನೆ ರಬ್ಬರು ಕಾರ್ಖಾನೆಗಳತ್ತ ತಿರುಗಿತು. ಎಡಿನ್‌ಬರೋದ ಕಾರ್ಖಾನೆ ಯುದ್ಧ ಮುಗಿಯುವಷ್ಟರಲ್ಲಿ 11,85,036 ಜೊತೆ ಬೂಟುಗಳನ್ನು ತಯಾರಿಸಿತೆಂದು ಕಂಪನಿಯ ಲೆಕ್ಕ ಹೇಳುತ್ತದೆ. ತೊಡೆಯವರೆಗೆ ಬರುವ ಗಂಬೂಟುಗಳೂ ಕಂದಕಗಳಿಗೆ ಬಂದವು. ಆದರೆ ಅವು ಯಾರೊಬ್ಬ ಸೈನಿಕನ ಸ್ವತ್ತಾಗಿರಲಿಲ್ಲ. ಕಂದಕದ ಸಾಮಾನಿನ ಪಟ್ಟಿಗೆ ಸೇರಿದ್ದ ಅವನ್ನು ಹೊರಡುವ ತುಕಡಿ ಬರುವ ತುಕಡಿಗೆ ಒಪ್ಪಿಸಿ ಹೋಗಬೇಕಿತ್ತು. ಅತ್ತ ಅಧಿಕಾರಿಗಳು ತಮ್ಮ ಬೂಟುಗಳನ್ನು ಲಂಡನ್ನಿನ ಅಂಗಡಿಗಳಿಂದ ಸ್ವಂತಕ್ಕೆ ಕೊಂಡು ತರುತ್ತಿದ್ದರು. ಒಂದೇ ಕಂದಕದ ಒಂದೇ ಕೆಸರು. ಒಬ್ಬನ ಕಾಲಿಗೆ ಅವನೇ ಆರಿಸಿದ ಬೂಟು, ಇನ್ನೊಬ್ಬನ ಕಾಲಿಗೆ ಯಾರೋ ಕೊಂಡು ಯಾರೋ ತೊಟ್ಟು ಬಿಟ್ಟ ಬೂಟು.

ಕೊನೆಗೆ ಕಾಲುಗಳನ್ನು ಉಳಿಸಿದ್ದು ಬರೀ ರಬ್ಬರಲ್ಲ. ಕಾಲುಚೀಲ ದಿನವೂ ಬದಲಿಸುವುದು, ತಿಮಿಂಗಿಲದ ಎಣ್ಣೆ ಉಜ್ಜುವುದು, ಅಧಿಕಾರಿಗಳು ಪ್ರತಿದಿನ ಸೈನಿಕರ ಪಾದ ಪರೀಕ್ಷಿಸುವುದು ಕಡ್ಡಾಯವಾದ ಮೇಲೆ ರೋಗ ಇಳಿಯಿತು. ಉಡುಪಿನಷ್ಟೇ ಅದರ ಹಿಂದಿನ ಮೇಲ್ವಿಚಾರಣೆಯೂ ಮುಖ್ಯವೆಂಬುದನ್ನು ಸೇನೆ ದುಬಾರಿ ಬೆಲೆ ತೆತ್ತು ಕಲಿತಿತ್ತು.

ಬೆವರಿಗೆ ದಾರಿ

ಮುಂದಿನ ಬದಲಾವಣೆಗಳು ಪ್ರಯೋಗಶಾಲೆಗಳಿಂದ ಬಂದವು. 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್‌ನ ತಂಡ ಕೃತಕ ರಬ್ಬರೊಂದನ್ನು ಕಂಡುಹಿಡಿಯಿತು. ಮುಂದೆ ನಿಯೋಪ್ರೀನ್ ಎಂದು ಹೆಸರಾದ ಇದು ಓಜೋನ್, ಎಣ್ಣೆಗಳನ್ನು ಸಹಜ ರಬ್ಬರಿಗಿಂತ ಚೆನ್ನಾಗಿ ತಾಳುತ್ತದೆ. ಅದರೊಳಗೆ ಗಾಳಿಗುಳ್ಳೆ ತುಂಬಿ ಸ್ಪಂಜಿನಂತೆ ಮಾಡಿದಾಗ ಚಳಿಯನ್ನೂ ತಡೆಯುವ ವೇಡರ್ ಸಾಧ್ಯವಾಯಿತು. ಇನ್ನೊಂದೆಡೆ ನೈಲಾನ್ ಬಟ್ಟೆಗೆ ಪಿವಿಸಿ ಪ್ಲಾಸ್ಟಿಕ್ ಬಳಿದು, ಅಂಚುಗಳನ್ನು ಕಾಯಿಸಿ ಬೆಸೆದ ಅಗ್ಗದ ವೇಡರ್ ಬಂತು. ಮೊದಲ ಬಾರಿಗೆ ಸಾಮಾನ್ಯ ಕೂಲಿಕಾರನ ಕೈಗೂ ಎಟಕುವ ಜಲನಿರೋಧಕ ಉಡುಪು ಇದು. ಮೀನು ಸಾಕಣೆ ಕೊಳಗಳಲ್ಲಿ, ನೆರೆ ಬಂದ ಬೀದಿಗಳಲ್ಲಿ ದುಡಿಯುವವರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ. ಅಗ್ಗ ಎಂದಾಕ್ಷಣ ಕೀಳು ಎನ್ನುವಂತಿಲ್ಲ.

ಆದರೆ ಪ್ಲಾಸ್ಟಿಕ್ಕಿನೊಳಗೆ ಬೆವರು ಸಿಕ್ಕಿಕೊಳ್ಳುತ್ತದೆ. ಹೊರಗಿನ ನೀರಿನಿಂದ ಪಾರಾದವನು ಒಳಗಿನ ನೀರಿನಲ್ಲಿ ತೊಯ್ಯುತ್ತಾನೆ. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಎಂದು ಪರಿಚಿತವಾದ ಪಿಟಿಎಫ್‌ಇ ಎಂಬ ವಸ್ತುವನ್ನು ಬಿಸಿಮಾಡಿ ಥಟ್ಟನೆ ಎಳೆದಾಗ, ಅದು ಕಣ್ಣಿಗೆ ಕಾಣದ ರಂಧ್ರಗಳ ತೆಳುಪೊರೆಯಾಯಿತು. ಆ ರಂಧ್ರಗಳಲ್ಲಿ ನೀರಿನ ಹನಿ ನುಸುಳದು, ಆವಿ ಹೊರಹೋಗಬಲ್ಲದು. 1976ರಲ್ಲಿ ಪೇಟೆಂಟ್ ದೊರೆತ ಈ ‘ಗೋರ್‌ಟೆಕ್ಸ್’ ಪೊರೆ 1990ರ ದಶಕದಲ್ಲಿ ವೇಡರ್‌ಗಳ ಜಗತ್ತನ್ನು ಪ್ರವೇಶಿಸಿತು. ಇಂದಿನ ದುಬಾರಿ ವೇಡರ್‌ಗಳೆಲ್ಲ ಬಹುತೇಕ ಇದೇ ತತ್ತ್ವದವು.

ಆದರೆ ಪೊರೆ ತೆಳು. ಮುಳ್ಳಿನ ಮೊನೆಗೆ ಅದು ಸುಲಭದ ತುತ್ತು. ಅದನ್ನು ಕಾಯಲು ಒಳಗೂ ಹೊರಗೂ ಗಟ್ಟಿ ಬಟ್ಟೆಯ ಪದರಗಳು ಬೇಕು. ಹೊಲಿಗೆಯ ಪ್ರತಿ ತೂತಿನ ಮೇಲೂ ಟೇಪು ಅಂಟಿಸಬೇಕು. ಉತ್ತಮ ತಯಾರಕರು ತೊಡೆಯ ಒಳಭಾಗದಲ್ಲಿ ಉಜ್ಜುವ ಹೊಲಿಗೆಯನ್ನು ಕಾಲಿನ ಮುಂದಕ್ಕೂ ಹಿಂದಕ್ಕೂ ಸರಿಸಿದರು. ಷರಾಯಿ ಮತ್ತು ಪಾದಚೀಲ ಕೂಡುವ ಜಾಗವನ್ನು ವಿಶೇಷವಾಗಿ ಬಲಪಡಿಸಿದರು. ಇದೆಲ್ಲ ಕೈಕೆಲಸ, ಸಮಯ ಹಿಡಿಯುವ ಕೆಲಸ. ದುಬಾರಿ ವೇಡರ್ ಕೊಂಡವನು ಹಣ ಕೊಡುವುದು ಹೆಚ್ಚಾಗಿ ಇದಕ್ಕೇ: ಮ್ಯಾಕಿಂತೋಷನ ದರ್ಜಿಗಳು ಮಾಡಿದ ತಪ್ಪನ್ನು ಮತ್ತೆ ಮಾಡದಿರುವುದಕ್ಕೆ.

ಇನ್ನೊಂದು ಲಾಭ ರಿಪೇರಿ. ಸೈಕಲ್ ಷಾಪಿನಲ್ಲಿ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವಂತೆ, ವೇಡರಿನ ತೂತು ಹುಡುಕಲೂ ಉಪಾಯಗಳಿವೆ. ಪೊರೆಯ ವೇಡರನ್ನು ಒಳಹೊರಗು ಮಾಡಿ ಮದ್ಯಸಾರ ಸಿಂಪಡಿಸಿದರೆ ತೂತಿರುವಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಅಲ್ಲಿ ಒಂದು ತೊಟ್ಟು ಅಂಟು ಹಚ್ಚಿದರೆ ಮತ್ತೆ ನೀರಿಗಿಳಿಯಬಹುದು. ಹಳೆಯ ಉಡುಪನ್ನು ವಾಪಸು ಪಡೆದು ದುರಸ್ತಿ ಮಾಡಿಕೊಡುವ ತಯಾರಕರೂ ಇದ್ದಾರೆ. ಅಗ್ಗದ ಪಿವಿಸಿಗೂ ತೇಪೆ ಹಾಕಬಹುದು. ಆದರೆ ಬೆಸುಗೆಯ ಅಂಚು ಉದ್ದಕ್ಕೂ ಬಿಟ್ಟುಕೊಂಡರೆ ಎಷ್ಟೆಂದು ತೇಪೆ ಹಾಕುವುದು?

ಬೂಟಿನ ಅರ್ಥಶಾಸ್ತ್ರ

ಇಂಗ್ಲಿಷ್ ಲೇಖಕ ಟೆರಿ ಪ್ರಾಚೆಟ್ 1993ರ ತನ್ನ ‘ಮೆನ್ ಅಟ್ ಆರ್ಮ್ಸ್’ ಕಾದಂಬರಿಯಲ್ಲಿ ವೈಮ್ಸ್ ಎಂಬ ಕಾವಲುಪಡೆಯ ನಾಯಕನಿಂದ ಒಂದು ಲೆಕ್ಕ ಹಾಕಿಸುತ್ತಾನೆ. ಐವತ್ತು ಡಾಲರಿನ ಬೂಟು ವರ್ಷಗಟ್ಟಲೆ ಬಾಳುತ್ತದೆ; ಹತ್ತು ಡಾಲರಿನದು ಒಂದೆರಡು ಋತುಗಳಲ್ಲಿ ಸೋರುತ್ತದೆ. ಐವತ್ತು ಡಾಲರ್ ಒಟ್ಟಿಗೆ ಇಲ್ಲದ ಬಡವ ಹತ್ತರದ್ದನ್ನೇ ಮತ್ತೆ ಮತ್ತೆ ಕೊಂಡು, ಕೊನೆಗೆ ಶ್ರೀಮಂತನಿಗಿಂತ ಹೆಚ್ಚು ಖರ್ಚು ಮಾಡಿಯೂ ಒದ್ದೆ ಕಾಲಿನಲ್ಲೇ ಇರುತ್ತಾನೆ. ಬಡತನವೇ ದುಬಾರಿ ಎಂಬ ಈ ತರ್ಕ ಕಾದಂಬರಿಯಿಂದ ಹೊರಬಂದು ಅರ್ಥಶಾಸ್ತ್ರದ ಚರ್ಚೆಗಳಲ್ಲೂ ಓಡಾಡುತ್ತಿದೆ.

ವೇಡರಿಗೆ ಈ ಲೆಕ್ಕ ಪೂರ್ತಿ ಹೊಂದುವುದೇ? ನೂರು ಡಾಲರಿನದು ಎರಡು ವರ್ಷ, ಎಂಟು ನೂರರದ್ದು ಎಂಟು ವರ್ಷ ಬಾಳುತ್ತದೆಂದು ಇಟ್ಟುಕೊಳ್ಳೋಣ. ಎಂಟು ವರ್ಷಕ್ಕೆ ಅಗ್ಗದ್ದರ ಖರ್ಚು ನಾನೂರು, ದುಬಾರಿಯದು ಎಂಟು ನೂರು. ಗೆದ್ದದ್ದು ಅಗ್ಗದ್ದೇ! ವರ್ಷಕ್ಕೆ ಹತ್ತು ದಿನ ನದಿಗೆ ಹೋಗುವ ಹವ್ಯಾಸಿಗೆ ಇಷ್ಟು ಸಾಕು. ಆದರೆ ವರ್ಷದ ನೂರೈವತ್ತು ದಿನ ಪ್ರವಾಸಿಗಳನ್ನು ನದಿಗೆ ಕರೆದೊಯ್ದು ಅದರಿಂದಲೇ ಜೀವಿಸುವ ಮಾರ್ಗದರ್ಶಿಗೆ ಅಗ್ಗದ್ದು ಒಂದು ಋತುವನ್ನೂ ದಾಟಲಾರದು. ನದಿಯ ನಡುವೆ ಅದು ಕೈಕೊಟ್ಟ ದಿನ ಕೂಲಿಯೂ ಹೋಯಿತು. ಅಂದರೆ ದುಬಾರಿ ಉಡುಪಿಗೆ ಬೆಲೆ ಬರುವುದು ಎಷ್ಟು ವರ್ಷ ಇಟ್ಟುಕೊಂಡರು ಎಂಬುದರಿಂದಲ್ಲ, ಎಷ್ಟು ದಿನ ತೊಟ್ಟರು ಮತ್ತು ಸೋರಿದ ದಿನ ಏನು ನಷ್ಟವಾಯಿತು ಎಂಬುದರಿಂದ.

ಬಾಳಿಕೆಗೆ ಇನ್ನೊಂದು ಮುಖವೂ ಇದೆ. ನೀರು, ಎಣ್ಣೆ ಅಂಟದಂತೆ ಬಟ್ಟೆಗೆ ಬಳಸಿದ ಪಿಎಫ್‌ಎಎಸ್ ಗುಂಪಿನ ಫ್ಲೋರಿನ್ ರಾಸಾಯನಿಕಗಳು ನಿಸರ್ಗದಲ್ಲಿ ಕೊಳೆಯುವುದೇ ಇಲ್ಲವೆನ್ನುವಷ್ಟು ನಿಧಾನ. ಉಡುಪು ಸತ್ತ ಮೇಲೂ ಅವು ಬದುಕಿರುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಸಾಮಾನ್ಯ ಉಡುಪುಗಳಲ್ಲಿ ಅವನ್ನು ನಿಷೇಧಿಸಿತು. ಗೋರ್ ಕಂಪನಿಯೂ 2022ರಲ್ಲಿ ಫ್ಲೋರಿನ್ ಇಲ್ಲದ ಪಾಲಿಥೀನ್ ಪೊರೆಯನ್ನು ಮಾರುಕಟ್ಟೆಗೆ ತಂದಿತು.

ಬಿಸಿಲ ನಾಡಿನಲ್ಲಿ

ಬೆಚ್ಚನೆಯ ನೀರಿನ ನಾಡುಗಳಿಗೆ ವೇಡರಿನ ಹಂಗಿರಲಿಲ್ಲ. ಭಾರತದಲ್ಲಿ ಗಾಳದ ಬೇಟೆಯ ಬಗ್ಗೆ ಬಂದ ಪ್ರಸಿದ್ಧ ಇಂಗ್ಲಿಷ್ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮುದ್ರಣವಾದದ್ದು ಮಂಗಳೂರಿನಲ್ಲಿ. ಬರೆದವನು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್. ಆತ ಸಾಹೇಬರಿಗೆ ಗಾಳದ ಪಾಠ ಹೇಳುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿನ ಹೊಳೆ–ಅಳಿವೆಗಳಲ್ಲಿ ಜನ ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಇಳಿದು ಬಲೆ ಬೀಸುತ್ತಿದ್ದರು. ಕಾಲು ಒದ್ದೆಯಾದರೆ ಬಿಸಿಲಿಗೆ ಒಣಗುತ್ತಿತ್ತು.

ಇಲ್ಲಿ ವೇಡರಿನ ಅಗತ್ಯ ಎದುರಾದದ್ದು ತಣ್ಣನೆಯ ನೀರಿನಿಂದಲ್ಲ, ಕೊಳೆತ ನೀರಿನಿಂದ. ಮಲ ಹೊರುವ ವೃತ್ತಿಯನ್ನು ನಿಷೇಧಿಸಿ 2013ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಒಳಚರಂಡಿ ಶುಚಿಗೊಳಿಸುವ ಕೆಲಸಗಾರನಿಗೆ ಮಾಲೀಕ ಕೊಡಲೇಬೇಕಾದ ರಕ್ಷಣಾ ಸಾಮಗ್ರಿಗಳ ದೀರ್ಘ ಪಟ್ಟಿ ಅದರ ನಿಯಮಗಳಲ್ಲಿದೆ. ಉಸಿರಾಟದ ಸಾಧನ, ಕೈಗವಸು, ಹಗ್ಗ, ಹೆಲ್ಮೆಟ್ಟುಗಳ ಸಾಲಿನಲ್ಲೇ ಬೂಟು ಸಹಿತವಾದ ‘ಫಿಷಿಂಗ್ ವೇಡರ್ ಸೂಟ್’ ಎಂಬ ಹೆಸರೂ ಇದೆ. ಟ್ವೀಡ್ ನದಿಯ ದೊರೆಗಳ ಉಡುಪು ಭಾರತದ ಕಾನೂನಿನಲ್ಲಿ ಪೌರಕಾರ್ಮಿಕನ ಹಕ್ಕಾಗಿ ದಾಖಲಾಯಿತು.

ಇಲ್ಲಿ ಸೋರಿಕೆಯ ಅರ್ಥವೇ ಬೇರೆ. ಚರಂಡಿ ನೀರು ಕಾಲಿನ ಗಾಯದೊಳಗೆ ಇಳಿದರೆ ಇಲಿಜ್ವರದಂಥ ರೋಗ ಬರಬಹುದು. ಗುಂಡಿಯೊಳಗಿನ ವಿಷಾನಿಲವನ್ನಂತೂ ಎಂಥ ದುಬಾರಿ ವೇಡರೂ ತಡೆಯಲಾರದು. ಕಾನೂನಿನ ಮೂಲ ಆಶಯವೂ ಮನುಷ್ಯ ಗುಂಡಿಗೆ ಇಳಿಯಲೇಬಾರದು ಎಂಬುದೇ. ಹಾಗಿದ್ದೂ ಸಾವುಗಳು ನಿಂತಿಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು.

ಸ್ವಂತ ಹಣದಿಂದ ವೇಡರ್ ಕೊಳ್ಳುವ ಮೀನುಗಾರ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಾನೆ, ಏಕೆಂದರೆ ಸೋರಿದರೆ ತೊಯ್ಯುವುದು ಅವನದೇ ಕಾಲು. ಎರಡು ಶತಮಾನಗಳಲ್ಲಿ ಈ ಉಡುಪು ಇಷ್ಟು ಸುಧಾರಿಸಿದ್ದು ಅಂಥ ಗಿರಾಕಿಗಳ ದೂರಿನಿಂದಲೇ. ಕೊಳ್ಳುವವನು ಒಬ್ಬ, ತೊಡುವವನು ಇನ್ನೊಬ್ಬ ಆದಲ್ಲಿ ಆ ದೂರು ಅಂಗಡಿಯನ್ನು ಮುಟ್ಟುವುದಿಲ್ಲ. 1914ರ ಕಂದಕದಲ್ಲೂ ಮುಟ್ಟಲಿಲ್ಲ. ಟೆಂಡರಿನ ಕಾಗದ ಕೇಳುವುದು ದರವನ್ನು. ಹೊಲಿಗೆ ಎಷ್ಟು ದಿನ ತಡೆಯಬೇಕು, ಹರಿದರೆ ಯಾರು ಎಷ್ಟು ದಿನದೊಳಗೆ ಬದಲಿಸಿಕೊಡಬೇಕು ಎಂಬುದನ್ನು ಅದರಲ್ಲಿ ಯಾರಾದರೂ ಬರೆದರೆ ಮಾತ್ರ ಅದು ಅದನ್ನೂ ಕೇಳೀತು.